ಹೋಬಳಿಗೊಂದು ಆರೋಗ್ಯ ನೋಂದಣಿ ಬೇಕಾ? ಡಾಕ್ಟರಮ್ಮನ ಜೊತೆ ಪ್ರಶ್ನೋತ್ತರ

ಅಡ್ಮಿನ್: ಔಷಧಿ ಹೊಡೆಯೋದು, ಬೋರ್ ನೀರು, ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ನೀರು, ಇದರಿಂದ ಯಾರಿಗೆ ಏನಾಗಿದೆ ಅಂತ ನಮ್ಮ ಹೋಬಳಿಯಲ್ಲೇ ನೋಂದಣಿ ಶುರು ಮಾಡೋಣ ಅಂತ ಮೊನ್ನೆ ಮಾತಾಯಿತು. ಇವತ್ತು ಸಂಜೆ ಡಾಕ್ಟರಮ್ಮ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಬೇಡ, ದಯವಿಟ್ಟು.

ಬೇಲೂರು ಮೇಷ್ಟ್ರು: ನಮಸ್ಕಾರ ಮೇಡಂ. ನಮ್ಮ ಬೀದಿಯಲ್ಲೇ ಆರು ಜನಕ್ಕೆ ಕ್ಯಾನ್ಸರ್. ಹೆಸರು, ವಯಸ್ಸು ಎಲ್ಲಾ ಬರೆದಿಟ್ಟಿದ್ದೇನೆ, ನೋಟ್‌ಬುಕ್ ಫೋಟೋ ಹಾಕಿದ್ದೇನೆ. ಇದೇ ನೋಂದಣಿ ಆಯ್ತಲ್ವಾ?

ಡಾಕ್ಟರಮ್ಮ: ನಮಸ್ಕಾರ ಮೇಷ್ಟ್ರೇ. ಅದು ಕಾಯಿಲೆಯವರ ಪಟ್ಟಿ ಅಷ್ಟೇ. ಫೇಲಾದವರ ಹೆಸರು ಮಾತ್ರ ಬರೆದರೆ ಪಾಠ ಸರಿ ಇತ್ತೋ ಇಲ್ಲವೋ ಗೊತ್ತಾಗುತ್ತಾ? ಕ್ಲಾಸಲ್ಲಿ ಒಟ್ಟು ಎಷ್ಟು ಮಕ್ಕಳು ಅಂತ ಬೇಕು. ಹಾಗೇ ಆ ನೀರು ಕುಡಿದ ಎಲ್ಲರೂ ಬೇಕು, ಗಟ್ಟಿಮುಟ್ಟಾಗಿರುವವರೂ. 1984ರಲ್ಲಿ ಭೋಪಾಲದಲ್ಲಿ ಅನಿಲ ಸೋರಿದ ಮೇಲೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ಗಾಳಿ ತಾಗಿದ ಬಡಾವಣೆಗಳ ಸುಮಾರು 80 ಸಾವಿರ ಜನರನ್ನು ಬರೆದುಕೊಂಡರು, ಜೊತೆಗೆ ಗಾಳಿ ತಾಗದ ಕಡೆಯವರನ್ನೂ. ಹೋಲಿಸಿ ನೋಡೋಕೆ. ಮತ್ತೆ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ. ಆರರಲ್ಲಿ ಬಾಯಿದು ಎಷ್ಟು, ಎಲೆಅಡಿಕೆಗೆ ಹೊಗೆಸೊಪ್ಪು ಹಾಕೋರು ಎಷ್ಟು?

ಅರಕಲಗೂಡಿನವರು: ನಮ್ಮೂರಲ್ಲೂ ನಾಲ್ಕು ಜನಕ್ಕೆ ಕ್ಯಾನ್ಸರ್, ಬೋರ್ ನೀರಿಂದನಾ ಮೇಡಂ?

ಡಾಕ್ಟರಮ್ಮ: ಮೇಲಿನದ್ದು ಓದಿ. ಮೊದಲು ನೀರು ಟೆಸ್ಟ್ ಮಾಡಿಸಿ. ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ, ಫ್ಲೋರೈಡ್ 1.5 ದಾಟಬಾರದು.

ಹೊಳೆನರಸೀಪುರದವರು: ಮೊಬೈಲ್ ಟವರ್‌ನಿಂದ ತಲೆನೋವು ಬರುತ್ತಾ?

ಸಕಲೇಶಪುರ ತೋಟ: ನೋಂದಣಿ ಅಂತ ಸುದ್ದಿ ಆದರೆ ನಾಳೆ ನಮ್ಮ ಕಾಫಿ ಯಾರು ಕೊಳ್ಳುತ್ತಾರೆ?

ಆಲೂರು ರೈತ: ನಿಮಗೆ ಕಾಫಿ ಚಿಂತೆ. ಡಿಸೆಂಬರ್ ಬಂತು ಅಂದರೆ ಪಲ್ಪರ್ ನೀರು ಹಳ್ಳಕ್ಕೆ. ಕಪ್ಪಗೆ ಗಬ್ಬು ನಾರುತ್ತೆ, ದನ ಮೂಸಿ ನೋಡಿ ವಾಪಸ್ ಬರುತ್ತವೆ.

ಸಕಲೇಶಪುರ ತೋಟ: ನಾನು ಹೊಂಡ ತೆಗೆಸಿದ್ದೇನೆ, ಬಂದು ನೋಡಿ. ನೀವು ಆಲೂಗಡ್ಡೆಗೆ ವಾರವಾರ ಹೊಡೆಯೋದು ಏನು, ಪನ್ನೀರಾ?

ಆಲೂರು ರೈತ: ಅಂಗಮಾರಿ ರೋಗ ಬಿದ್ದರೆ ನಾಲ್ಕು ದಿನಕ್ಕೆ ಹೊಲ ಸುಟ್ಟ ಹಾಗೆ ಆಗುತ್ತೆ. ಹೊಡೆಯದೆ ಮಂಗಳಾರತಿ ಎತ್ತಬೇಕಾ?

ಅಡ್ಮಿನ್: ಇಬ್ಬರೂ ಸ್ವಲ್ಪ ಸುಮ್ನಿರಿ.

ಹಾಸನ ಪಕ್ಕದ ಹಳ್ಳಿಯವರು: ಅಕ್ಕಾ, ಇಲ್ಲಿ ಕೇಳಬಹುದೋ ಇಲ್ಲವೋ. ನಮ್ಮ ಯಜಮಾನರು ಬೆಳಿಗ್ಗೆಯಿಂದ ಔಷಧಿ ಹೊಡೆದು ಈಗ ಬಂದರು. ಮೈಯೆಲ್ಲಾ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಅಂತಾರೆ. ಹೋದ ಸಲವೂ ಹೀಗೇ ಆಗಿತ್ತು, ಮಲಗಿ ಎದ್ದ ಮೇಲೆ ಸರಿಹೋಯ್ತು.

ಚನ್ನರಾಯಪಟ್ಟಣದವರು: ಹಾಲು, ಬೆಲ್ಲದ ನೀರು ಕುಡಿಸಿ, ವಿಷ ಇಳಿಯುತ್ತೆ. ತುಳಸಿ ಕಷಾಯದ ವಿಡಿಯೋ ಹಾಕಿದ್ದೇನೆ.

ಡಾಕ್ಟರಮ್ಮ: ಆ ವಿಡಿಯೋ ಈಗಲೇ ತೆಗೆಯಿರಿ. ತಂಗೀ, ಮಲಗಿದರೆ ಸರಿಹೋಗುತ್ತೆ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬೆವರು, ಜೊಲ್ಲು, ಮಂಜು ಕಣ್ಣು ಮೂರೂ ಒಟ್ಟಿಗೆ ಅಂದರೆ ಆರ್ಗನೋಫಾಸ್ಫೇಟ್ ಜಾತಿಯ ಹುಳದ ಔಷಧಿ ಮೈಗೆ ಇಳಿದಿರಬಹುದು. ಗಾಡಿ ಬರುವಷ್ಟರಲ್ಲಿ ಬಟ್ಟೆ ತೆಗೆದು, ನಿಮ್ಮ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ತಲೆಯಿಂದ ಸೋಪು ಹಚ್ಚಿ ತೊಳೆಯಿರಿ. ಬಾಯಿಗೆ ಏನೂ ಹಾಕಬೇಡಿ. ವಾಂತಿ ಮಾಡಿಸಬೇಡಿ. ಔಷಧಿ ಡಬ್ಬ ಜೊತೆಗೆ ಒಯ್ಯಿರಿ, ಹೆಸರೇನು, ವಿಷ ಎಷ್ಟು ಜೋರು ಅಂತ ತೋರಿಸೋ ತ್ರಿಕೋನ ಯಾವ ಬಣ್ಣ ಅಂತ ಅಲ್ಲಿನ ಡಾಕ್ಟರಿಗೆ ಬೇಕು. ಆಟ್ರೋಪಿನ್ ಇಂಜೆಕ್ಷನ್ ಇದೆ, ಆದರೆ ಬೇಗ ಹೋಗಬೇಕು.

ಉಳಿದವರು ಕೇಳಿ. ನೋಂದಣಿ ಬೇಕೇ ಬೇಕು ಅಂದರೆ ಇದರಿಂದ ಶುರು ಮಾಡಿ. "ಹೋದ ಸಲವೂ ಆಗಿತ್ತು" ಅಂದರಲ್ಲ, ಅದು ಯಾವ ಪುಸ್ತಕದಲ್ಲೂ ಇರಲ್ಲ. ತಾಗಿದ್ದು ಏನು ಅಂತ ಗೊತ್ತು, ಯಾರಿಗೆ ಅಂತ ಗೊತ್ತು, ಅದೇ ದಿನ ಲಕ್ಷಣ ಕಾಣುತ್ತೆ, ಈ ಔಷಧಿ ತಾಗಿದರೆ ರಕ್ತದಲ್ಲಿ ಕಮ್ಮಿಯಾಗೋ ಕೋಲಿನೆಸ್ಟರೇಸ್ ಅನ್ನೋ ಅಂಶ ಅಳೆಯಬಹುದು, ಬರೆದರೆ ಮುಂದಿನ ಬೆಳೆಗೇ ಏನಾದರೂ ಬದಲಾಯಿಸಬಹುದು. ಕ್ಯಾನ್ಸರಿಗೆ ಹಾಗಲ್ಲ. ಹತ್ತಿಪ್ಪತ್ತು ವರ್ಷದ ಹಿಂದೆ ಯಾರು ಏನು ಕುಡಿದರು ಅಂತ ಹುಡುಕಬೇಕು, ಊರು ಬಿಟ್ಟವರನ್ನೂ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ ಅಂದರೆ ಅದಕ್ಕೇ ಅಂತ ಜನ ಇದ್ದಾರೆ. ಇಲ್ಲಿ ಪುಸ್ತಕ ಯಾರದ್ದು, ಸಂಬಳ ಯಾರು ಕೊಡ್ತಾರೆ? ಅದು ಇತ್ಯರ್ಥ ಆಗದೆ ಶುರು ಮಾಡಿದರೆ ಎರಡೇ ವರ್ಷ, ಆಮೇಲೆ ಗೆದ್ದಲಿಗೆ.

ಜಾವಗಲ್ ಕಡೆಯವರು: ಹೆಸರು ಹೊರಗೆ ಬಂದರೆ ನಮ್ಮೂರಿಗೆ ಹೆಣ್ಣು ಯಾರು ಕೊಡ್ತಾರೆ?

ಡಾಕ್ಟರಮ್ಮ: ಅದಕ್ಕೇ ಒಪ್ಪಿಗೆ ಇಲ್ಲದೆ ಯಾರನ್ನೂ ಬರೆಯಬಾರದು. ಹೆಸರಿನ ಪುಸ್ತಕ ಬೀಗದಲ್ಲಿ, ಕಾಯಿಲೆ ಪುಸ್ತಕದಲ್ಲಿ ನಂಬರ್ ಮಾತ್ರ. ಮೇಷ್ಟ್ರೇ, ಆ ನೋಟ್‌ಬುಕ್ ಫೋಟೋ ತೆಗೆಯಿರಿ.

ಬೇಲೂರು ಮೇಷ್ಟ್ರು: ಒಳ್ಳೇದು ಮಾಡೋಕೆ ಹೋದರೆ ನಮಗೇ ಬೈಗುಳ. ತೆಗೆದಿದ್ದೇನೆ.

ಅರಕಲಗೂಡಿನವರು: ಬೋರ್ ನೀರಿಂದಾನೇ ಕ್ಯಾನ್ಸರ್ ಅಂತೀರಾ?

ಡಾಕ್ಟರಮ್ಮ: ಇಲ್ಲ. ಓದಿ.

ಚನ್ನರಾಯಪಟ್ಟಣದವರು: ಬೆಲ್ಲ ತಿಂದರೆ ಧೂಳೂ ಹೋಗುತ್ತೆ ಅಂತ ನಮ್ಮಜ್ಜಿ ಹೇಳ್ತಿದ್ದರು. ಎಲ್ಲದಕ್ಕೂ ಇಂಗ್ಲಿಷ್ ಔಷಧಿನೇ ಆಗಬೇಕಾ?

ಡಾಕ್ಟರಮ್ಮ: ಬೆಲ್ಲ ನೀವು ತಿನ್ನಿ. ಎಚ್ಚರ ತಪ್ಪುತ್ತಿರುವವನ ಬಾಯಿಗೆ ಹಾಲು ಹುಯ್ದರೆ ಅದು ಹೋಗೋದು ಶ್ವಾಸಕೋಶಕ್ಕೆ. ಇನ್ನೊಂದು ಸಲ ಹೇಳಲ್ಲ.

ಹಾಸನ ಪಕ್ಕದ ಹಳ್ಳಿಯವರು: ಆಸ್ಪತ್ರೆಯಲ್ಲಿದ್ದೇವೆ ಅಕ್ಕಾ. ಇಂಜೆಕ್ಷನ್ ಕೊಟ್ಟರು. ಡಬ್ಬದಲ್ಲಿ ಹಳದಿ ತ್ರಿಕೋನ. ಅದೇ ಥರದ ಖಾಲಿ ಡಬ್ಬ ತೊಳೆದು ಹೊಲಕ್ಕೆ ಕುಡಿಯೋ ನೀರು ಒಯ್ಯುತ್ತಾರೆ.

ಡಾಕ್ಟರಮ್ಮ: ಅಯ್ಯೋ. ಮೊದಲು ಅದಕ್ಕೆ ತೂತು ಹೊಡೆಯಿರಿ. ಇವತ್ತು ಅವರ ಜೊತೆ ಹೊಲದಲ್ಲಿ ಯಾರ್ಯಾರಿದ್ದರು? ಆ ನೀರು ಕುಡಿದರಾ? ಅವರನ್ನು ಕೇಳಿಕೊಂಡು ನನಗೊಬ್ಬಳಿಗೇ ಬರೆಯಿರಿ. ಏನೂ ಆಗಿಲ್ಲ ಅನ್ನೋರದ್ದೂ.

ಹೊಳೆನರಸೀಪುರದವರು: ಟವರ್ ವಿಷಯ ಹೇಳಲೇ ಇಲ್ಲ ಮೇಡಂ.