63ನೇ ವಯಸ್ಸಿಗೆ ಒಬ್ಬಳೇ ಕ್ಯಾರವಾನಿನಲ್ಲಿ ಹೊರಡಬೇಕು: ಗ್ಯಾರೇಜ್ ಮೇಸ್ತ್ರಿಗೆ ಪ್ರಶ್ನೆ

ಪ್ರಶ್ನೆ (ನಿವೃತ್ತ ಶಿಕ್ಷಕಿ, ಕೊಡಗಿನ ಪೊನ್ನಂಪೇಟೆ ಕಡೆ):

ಮೇಸ್ತ್ರಿಯವರಿಗೆ ನಮಸ್ಕಾರ. ಕುಶಾಲನಗರದಲ್ಲಿ ನೀವು ವ್ಯಾನುಗಳಿಗೆ ಮಂಚ, ಅಡುಗೆ ಕಟ್ಟೆ ಎಲ್ಲ ಮಾಡಿಕೊಡುತ್ತೀರಿ ಅಂತ ಗುಂಪಿನಲ್ಲಿ ಓದಿದೆ. ನನಗೆ 63. ಶಾಲೆ, ಮನೆ, ತೋಟ ಅಂತಲೇ ಆಯಸ್ಸು ಕಳೆಯಿತು. ಯಜಮಾನರು ತೀರಿಕೊಂಡು ನಾಲ್ಕು ವರ್ಷ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕಾಫಿ ಕುಯ್ಲು ಮುಗಿದ ಮೇಲೆ ವರ್ಷಕ್ಕೆ ಒಂದು ತಿಂಗಳಾದರೂ ಒಬ್ಬಳೇ ಕ್ಯಾರವಾನಿನಲ್ಲಿ ಸುತ್ತಬೇಕು ಅಂತ ಆಸೆ. ಕಾರು ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದೇನೆ, ದೊಡ್ಡ ಗಾಡಿ ಮುಟ್ಟಿಲ್ಲ. ಪರಿಚಯದವರೊಬ್ಬರು ಹಳೇ ಟೆಂಪೋ ಟ್ರಾವೆಲರ್ ಕೊಡುತ್ತೇನೆ ಅಂದಿದ್ದಾರೆ. ಒಳಗೆ ನಿಂತು ಓಡಾಡಬಹುದು, ಬಾತ್‌ರೂಮ್ ಕೂಡ ಮಾಡಿಸಬಹುದಂತೆ. ತಗೊಳ್ಳಲೇ? ಮಗ ‘ಅಮ್ಮನಿಗೆ ತಲೆ ಕೆಟ್ಟಿದೆ’ ಅನ್ನುತ್ತಾನೆ. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಡ, ಗಾಡಿ ವಿಷಯ ಮಾತ್ರ ಹೇಳಿ!

ಉತ್ತರ (ಮೇಸ್ತ್ರಿ):

ಟೀಚರ್, ತಲೆ ವಿಷಯ ನನ್ನ ಗ್ಯಾರೇಜಿಗೆ ಬರಲ್ಲ ಬಿಡಿ. ಗಾಡಿಗೆ ಬರೋಣ.

ಟ್ರಾವೆಲರ್ ಬೇಡ. ಕಾರಿನ ಎಲ್‌ಎಂವಿ ಲೈಸೆನ್ಸಿನಲ್ಲಿ 7,500 ಕೆಜಿ ತನಕದ ಗಾಡಿ ಓಡಿಸಬಹುದು, ಟ್ರಾವೆಲರ್ ಅದರೊಳಗೇ ಬರುತ್ತದೆ. ಕಾನೂನು ಬಿಡುತ್ತದೆ, ನಮ್ಮ ತೋಟದ ರಸ್ತೆ ಬಿಡಲ್ಲ. ನಿಮ್ಮ ಗೇಟಿನ ಹತ್ತಿರ ಎದುರಿನಿಂದ ಪಿಕಪ್ ಬಂತು ಅಂದುಕೊಳ್ಳಿ. ಯಾರೋ ಒಬ್ಬರು ಹಿಂದೆ ಹೋಗಬೇಕು. ಬಸ್ಸಿಗೆ, ಲಾರಿಗೆ ಕ್ಲೀನರ್ ಇರುತ್ತಾನೆ, ಇಳಿದು ‘ಬರ್ಲಿ, ಬರ್ಲಿ, ರೈಟ್’ ಅನ್ನುತ್ತಾನೆ. ನಿಮಗೆ ಯಾರು ಅನ್ನುತ್ತಾರೆ? ಒಬ್ಬರೇ ಹೊರಡುವವರಿಗೆ ನಾನು ಹೇಳುವುದು ಇಷ್ಟೇ: ಯಾರ ಸಹಾಯವೂ ಇಲ್ಲದೆ ಮಳೆಯಲ್ಲಿ, ಸಂಜೆ ಹೊತ್ತಿನಲ್ಲಿ ರಿವರ್ಸ್ ತೆಗೆಯಲು ಆಗುವ ಗಾಡಿಯನ್ನೇ ತಗೊಳ್ಳಿ. ಒಳಗೆ ಎಷ್ಟು ಜಾಗ ಇದೆ ಅನ್ನುವುದು ಆಮೇಲಿನ ಮಾತು.

ಮಾರುತಿ ಈಕೋ ತರಹದ ವ್ಯಾನ್ ನೋಡಿ. ಉದ್ದ 3.7 ಮೀಟರ್ ಹತ್ತಿರ. ಟ್ರಾವೆಲರ್ ಸಾಮಾನ್ಯವಾಗಿ 5 ಮೀಟರ್ ದಾಟುತ್ತದೆ. ಈಕೋದಲ್ಲಿ ನಿಲ್ಲಲು ಆಗಲ್ಲ ನಿಜ. ಕೂತು ಬಟ್ಟೆ ಬದಲಾಯಿಸುವುದು ಅಭ್ಯಾಸ ಆಗುತ್ತದೆ. ಆದರೆ ಕೊಳ್ಳುವ ಮುಂಚೆ ಒಳಗೆ ಚಾಪೆ ಹಾಸಿ ಮಲಗಿ ನೋಡಿ, ನಾಚಿಕೆ ಬೇಡ. ಕಾಲು ಚಾಚಲು ಆಗದಿದ್ದರೆ, ಏಳುವಾಗ ಮಂಡಿ ಹಿಡಿದುಕೊಂಡರೆ ಆ ಗಾಡಿ ಬಿಡಿ.

ಇನ್ನೊಂದು, ಹಳೇ ಟ್ರಾವೆಲರ್ ಅಂದಿರಲ್ಲ, ಹಳದಿ ಬೋರ್ಡಾ? ಅದನ್ನು ಬಿಳಿ ಬೋರ್ಡ್ ಮಾಡಿಸುವುದೇ ಬೇರೆ ಓಡಾಟ. ಯಾವ ಗಾಡಿಯಾದರೂ ಸೀಟು ಕಿತ್ತು, ಚಾವಣಿ ಎತ್ತರಿಸಿ ಕ್ಯಾರವಾನ್ ಮಾಡಿಸುವ ಮುಂಚೆ ಮಡಿಕೇರಿ ಆರ್‌ಟಿಒದಲ್ಲಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಗಾಡಿ ಬದಲಾಗುವುದಾದರೆ ಅನುಮತಿ ಬೇಕು. ಇಲ್ಲದಿದ್ದರೆ ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ಮಾಡಿಸಿದ ಮೇಲೆ ನೋಡೋಣ ಅಂದ ಗಿರಾಕಿಯೊಬ್ಬರ ಕೆಲಸ ಮಾಡಿಕೊಟ್ಟು ನಾನೂ ಒಮ್ಮೆ ಬೈಸಿಕೊಂಡಿದ್ದೇನೆ. ಈಗ ಕಾಗದ ನೋಡದೆ ಡ್ರಿಲ್ ಹಿಡಿಯಲ್ಲ.

ನಿಮ್ಮ ಲೈಸೆನ್ಸಿನ ತಾರೀಕೂ ನೋಡಿಕೊಳ್ಳಿ. 55 ದಾಟಿದವರಿಗೆ ಒಂದು ಸಲಕ್ಕೆ 5 ವರ್ಷ ಮಾತ್ರ ನವೀಕರಣ. ಡಾಕ್ಟರ ಹತ್ತಿರ ಫಾರಂ 1ಎ ಬರೆಸಬೇಕು. ಆಗಲೇ ಕಣ್ಣಿನ ಪೊರೆಯನ್ನೂ ನೋಡಿಸಿಬಿಡಿ. ಮಂಜಿನಲ್ಲಿ ಎದುರಿನ ಲೈಟು ಒಡೆದು ಚೆಲ್ಲಿದ ಹಾಗೆ ಕಂಡರೆ ಅದು ವಿಂಡ್‌ಶೀಲ್ಡ್ ತಪ್ಪೇ ಆಗಿರಬೇಕಿಲ್ಲ.

ಶಿಕ್ಷಕಿ:

ಟ್ರಾವೆಲರ್ ಆಸೆ ಬಿಟ್ಟೆ. ಮನಸ್ಸಿಗೆ ಸ್ವಲ್ಪ ಬೇಜಾರಾಯಿತು, ಗೇಟು ನೆನೆದು ಸಮಾಧಾನ ಆಯಿತು. ಅಡುಗೆ, ಕರೆಂಟು ಹೇಗೆ? ಬೆಳಿಗ್ಗೆ ಕಾಫಿ ಇಲ್ಲದೆ ನಾನು ಸ್ಟೇರಿಂಗ್ ಹಿಡಿಯಲ್ಲ. ಇಂಡಕ್ಷನ್, ಸಣ್ಣ ಫ್ರಿಜ್ ಇಡಬಹುದಾ? ಸೋಲಾರ್ ಹಾಕಿಸಲಾ?

ಮೇಸ್ತ್ರಿ:

ಲೆಕ್ಕ ಹೇಳುತ್ತೇನೆ, ಟೀಚರಿಗೆ ಲೆಕ್ಕ ಇಷ್ಟ ಆಗುತ್ತದೆ ಅಲ್ವಾ. 12 ವೋಲ್ಟಿನ 100 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿ ಒಂದರಲ್ಲಿ ಸುಮಾರು 1,200 ವ್ಯಾಟ್ ಅವರ್ ಇರುತ್ತದೆ. 25 ವ್ಯಾಟಿನ ಫ್ಯಾನ್ ಎಂಟು ಗಂಟೆ ತಿರುಗಿದರೆ 200. ಎಲ್‌ಇಡಿ, ಫೋನ್ ಎಲ್ಲ ಸೇರಿ 50 ಇಟ್ಟುಕೊಳ್ಳಿ. ಇಷ್ಟಕ್ಕೆ ಮೂರು ನಾಲ್ಕು ರಾತ್ರಿ ಆರಾಮ. ಇಂಡಕ್ಷನ್ ಅರ್ಧ ಗಂಟೆ ಉರಿದರೆ ಸುಮಾರು 700 ಹೋಯಿತು. ಫ್ರಿಜ್ ದಿನಕ್ಕೆ 400 ತಿನ್ನುತ್ತದೆ. ಲೆಡ್ ಆಸಿಡ್ ಬ್ಯಾಟರಿಯಾದರೆ ಅದರಲ್ಲಿ ಇರುವುದರ ಅರ್ಧ ಬಳಸುವುದೇ ಒಳ್ಳೆಯದು. ಹಾಗಾಗಿ ಮೊದಲ ವರ್ಷ ಫ್ರಿಜ್ಜೂ ಬೇಡ, ಇಂಡಕ್ಷನ್ನೂ ಬೇಡ. ಸೋಲಾರ್ ಬಯಲು ಸೀಮೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈ ತಿಂಗಳ ಕೊಡಗಿನಲ್ಲಿ ಚಾವಣಿ ಮೇಲೆ ಅದು ಸುಮ್ನೆ ನೆನೆಯುತ್ತದೆ ಅಷ್ಟೆ. ಗಾಡಿ ಓಡುವಾಗ ಇಂಜಿನಿನಿಂದಲೇ ಚಾರ್ಜ್ ಆಗುವ ಹಾಗೆ ಡಿಸಿ ಚಾರ್ಜರ್ ಹಾಕಿಸಿ, ಸಾಕು.

ಕಾಫಿಗೆ ಒಂದು ಬರ್ನರಿನ ಗ್ಯಾಸ್ ಒಲೆ. ಆದರೆ ಹಿಂದಿನ ಡೋರ್ ಎತ್ತಿ ಹೊರಗೆ ಇಟ್ಟು ಉರಿಸಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೀವು ಮಲಗುವ ನೆಲದ ಮಟ್ಟದಲ್ಲೇ ಕೂರುತ್ತದೆ. ಡಿಸೆಂಬರ್ ಚಳಿಗೆ ಕೆಂಡದ ಅಗ್ಗಿಷ್ಟಿಕೆ ಒಳಗೆ ಇಡುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಇನ್ನೊಂದು ಕಂಬಳಿ ಹೊದೆಯಿರಿ.

ಕಡಂಬುಟ್ಟು (ಅಕ್ಕಿ ತರಿಯ ಹಬೆ ಉಂಡೆ) ಬೇಯಿಸುತ್ತೇನೆ ಅಂತ ಒಳಗೆ ಹಬೆ ಎಬ್ಬಿಸಬೇಡಿ. ಒಬ್ಬರ ಉಸಿರಿಗೇ ಬೆಳಿಗ್ಗೆ ಗಾಜೆಲ್ಲ ನೀರು ಇಳಿಯುತ್ತದೆ. ಆಮೇಲೆ ಹಾಸಿಗೆ ಕೆಳಗೆ ಬೂಷ್ಟು. ಎದುರು ಬದುರು ಎರಡು ಕಿಟಕಿ ಒಂದೊಂದು ಬೆರಳು ತೆಗೆದಿಡಿ, ಸೊಳ್ಳೆ ಜಾಲರಿ ಹಾಕಿಸಿ.

ನಿವೃತ್ತ ಸೈನಿಕರೊಬ್ಬರು (ಸೋಮವಾರಪೇಟೆ):

ಮಧ್ಯೆ ಬಾಯಿ ಹಾಕುತ್ತೇನೆ. ಕಾರಿನ ಹಿಂದೆ ಎಳೆಯುವ ಕ್ಯಾರವಾನ್ ಒಳ್ಳೆಯದಲ್ವಾ? ಒಂದು ಕಡೆ ಬಿಚ್ಚಿ ನಿಲ್ಲಿಸಿ, ಕಾರಿನಲ್ಲಿ ಸುತ್ತಬಹುದು. ವಿದೇಶದಲ್ಲೆಲ್ಲ ಹಾಗೇ ಮಾಡುತ್ತಾರೆ.

ಮೇಸ್ತ್ರಿ:

ಮಾಡುತ್ತಾರೆ ಸರ್, ಅಲ್ಲಿ ನಿಲ್ಲಿಸಲು ಜಾಗ ಮಾಡಿಟ್ಟಿದ್ದಾರೆ. ಟ್ರೇಲರ್ ರಿವರ್ಸಿನಲ್ಲಿ ಸ್ಟೇರಿಂಗ್ ಉಲ್ಟಾ ತಿರುಗಿಸಬೇಕು. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರು ಬಸ್ ಬಂದಾಗ ಅದು ನಿಮಗೂ ಬೇಡ, ನನಗೂ ಬೇಡ.

ಶಿಕ್ಷಕಿ:

ಸಂಪಾಜೆ ಹೆಸರು ಬಂದಿದ್ದಕ್ಕೆ ಕೇಳುತ್ತೇನೆ. ಮೊದಲ ಪ್ರವಾಸ ಸುಳ್ಯ, ಸುಬ್ರಹ್ಮಣ್ಯ, ಧರ್ಮಸ್ಥಳ ಅಂದುಕೊಂಡಿದ್ದೆ. ಮತ್ತೆ, ರಾತ್ರಿ ಎಲ್ಲಿ ನಿಲ್ಲಿಸುವುದು? ಇದೇ ನನ್ನ ದೊಡ್ಡ ಹೆದರಿಕೆ. ಕಳ್ಳರಿಗಿಂತ ಟಾಯ್ಲೆಟ್ ಚಿಂತೆ ಜಾಸ್ತಿ.

ಮೇಸ್ತ್ರಿ:

ಘಾಟಿ ಎರಡನೇ ಪ್ರವಾಸಕ್ಕೆ ಇರಲಿ. ಮೊದಲು ತಿತಿಮತಿ, ಆನೆಚೌಕೂರು, ಹುಣಸೂರು ದಾರಿಯಲ್ಲಿ ಮೈಸೂರಿಗೆ ಹೋಗಿ ಬನ್ನಿ. ಸುಮಾರು 100 ಕಿ.ಮೀ. ಆ ಕಾಡು ಹಗಲಲ್ಲೇ ದಾಟಿ, ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ. ಇದು ನಿಮಗೆ ಹೇಳಬೇಕಿಲ್ಲ.

ಕುಯ್ಲು ಮುಗಿದ ಮೇಲೆ ಅಂದಿರಿ. ನಿಮ್ಮ ಕಡೆ ರೋಬಸ್ಟಾ ಮುಗಿಯುವಾಗ ಫೆಬ್ರವರಿ ಕಳೆಯುತ್ತದೆ, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಚಿಂತೆ. ಅಷ್ಟರಲ್ಲಿ ಬಯಲು ಸೀಮೆ ಕಾದ ಹೆಂಚು, ತಗಡಿನ ಗಾಡಿಯಲ್ಲಿ ಮಲಗಲು ಆಗಲ್ಲ. ನನ್ನ ಪ್ರಕಾರ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು ಕುಯ್ಲು ಶುರುವಾಗುವ ಮುಂಚೆ ಹೊರಡುವುದು ಒಳ್ಳೆಯದು. ಪುತ್ತರಿಗೆ, ಅಂದರೆ ನಮ್ಮ ಸುಗ್ಗಿ ಹಬ್ಬಕ್ಕೆ, ಮನೆಗೆ ವಾಪಸ್ ಬನ್ನಿ.

ಘಾಟಿಗೆ ಇಳಿಯುವ ಮುಂಚೆ ಬ್ರೇಕ್ ಆಯಿಲ್ ಬದಲಾಯಿಸಿ. ಅದು ಗಾಳಿಯ ತೇವ ಹೀರುತ್ತದೆ, ನಮ್ಮೂರ ತೇವ ಗೊತ್ತಲ್ಲ. ತೇವ ಸೇರಿದ ಆಯಿಲ್ ಬಿಸಿಗೆ ಬೇಗ ಕುದಿಯುತ್ತದೆ, ಆಗ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಕಾಲು ಬ್ರೇಕಿನ ಮೇಲೇ ಇಟ್ಟು ಇಳಿಯಬೇಡಿ. ನ್ಯೂಟ್ರಲ್ ಅಂತೂ ಬೇಡವೇ ಬೇಡ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ನೂರು ಲೀಟರಿನ ಟ್ಯಾಂಕ್ ತುಂಬಿಸಿಕೊಂಡು ಘಾಟಿ ಇಳಿಯುವುದು ಯಾಕೆ? ಎರಡು ಇಪ್ಪತ್ತು ಲೀಟರಿನ ಕ್ಯಾನ್ ಸಾಕು.

ರಾತ್ರಿಗೆ: ಕತ್ತಲಾಗುವ ಎರಡು ಗಂಟೆ ಮುಂಚೆ ಜಾಗ ಹಿಡಿಯಿರಿ. ಹೋಂಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸುತ್ತೇನೆ, ಬಾತ್‌ರೂಮಿಗೆ ಮಾತ್ರ ದುಡ್ಡು ಕೊಡುತ್ತೇನೆ ಅಂತ ಕೇಳಿ. ವಾರದ ಮಧ್ಯೆ ಒಪ್ಪುವವರು ಸಿಗುತ್ತಾರೆ. ದೇವಸ್ಥಾನದ ಯಾತ್ರಿ ನಿವಾಸ, ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕ್ ಕೂಡ ಆಗುತ್ತದೆ. ಕೇಳದೆ ಮಾತ್ರ ನಿಲ್ಲಿಸಬೇಡಿ. ಹೊಳೆ ದಡ ಫೋಟೋಗೆ ಚೆಂದ, ಮೇಲೆ ಮಳೆ ಬಂದರೆ, ಅಣೆಕಟ್ಟಿನಿಂದ ನೀರು ಬಿಟ್ಟರೆ ಗೊತ್ತಾಗುವುದು ಚಕ್ರ ಮುಳುಗಿದ ಮೇಲೆ. ಮಳೆಗಾಲದಲ್ಲಿ ಗುಡ್ಡ ಕಡಿದ ರಸ್ತೆ ಪಕ್ಕವೂ ಬೇಡ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. ಕಾಡಂಚಿನಲ್ಲಿ ಬಾಳೆಗೊನೆ, ಹಲಸಿನ ಹಣ್ಣು ಗಾಡಿಯೊಳಗೆ ಇಟ್ಟು ಮಲಗಿದರೆ ಆನೆಗೆ ಕಾಗದ ಬರೆದು ಕರೆದ ಹಾಗೆ.

ಟಾಯ್ಲೆಟ್ಟಿಗೆ ಮುಚ್ಚಳದ ಪೋರ್ಟಬಲ್ ಕಮೋಡ್ ಸಿಗುತ್ತದೆ, ಕೆಳಗಿನ ಡಬ್ಬ ಬಿಚ್ಚಿ ಟಾಯ್ಲೆಟ್ಟಿನಲ್ಲಿ ಖಾಲಿ ಮಾಡುವುದು. ನಮ್ಮ ವಯಸ್ಸಿಗೆ ರಾತ್ರಿ ಎರಡು ಸಲ ಏಳುವವರೇ ಎಲ್ಲ, ಮುಚ್ಚಿಡುವುದು ಏನಿದೆ. ಅದರಿಂದ ಹೊರಗೆ ಇಳಿಯುವುದೇ ತಪ್ಪುತ್ತದೆ.

ಸ್ಟೆಪ್ನಿ ಬದಲಾಯಿಸುವುದನ್ನು ಒಮ್ಮೆ ಇಲ್ಲಿಗೆ ಬಂದು ಕಲಿಯಿರಿ. ಜಾಕ್ ಏರಿಸುವ ಮುಂಚೆಯೇ ನಟ್ಟು ಸಡಿಲ ಮಾಡಬೇಕು. ಉದ್ದ ಹಿಡಿಯ ಸ್ಪ್ಯಾನರ್ ತಗೊಂಡು ಕಾಲಿನಿಂದ ಒತ್ತಿದರೆ ನಿಮ್ಮ ತೂಕಕ್ಕೇ ಬಿಚ್ಚುತ್ತದೆ. ಆಗದಿದ್ದರೆ ಸಹಾಯಕ್ಕೆ 112ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಹೆದ್ದಾರಿಯಲ್ಲಿ 1033.

ಮೈಸೂರಿಗೂ ಮುಂಚೆ ಒಂದು ಕೆಲಸ ಇದೆ. ಗಾಡಿ ಬಂದ ವಾರವೇ ನಿಮ್ಮ ಕಾಫಿ ಕಣದಲ್ಲಿ ನಿಲ್ಲಿಸಿ ಒಂದು ರಾತ್ರಿ ಮಲಗಿ. ಏನೇ ಮರೆತಿದ್ದರೂ ಬೆಳಗಿನ ತನಕ ಮನೆಯೊಳಗೆ ಹೋಗಬಾರದು.

ಶಿಕ್ಷಕಿ (ಎರಡು ತಿಂಗಳ ನಂತರ):

ಮೇಸ್ತ್ರಿಯವರೇ, ವ್ಯಾನ್ ತಗೊಂಡೆ. ಸೆಕೆಂಡ್ ಹ್ಯಾಂಡ್, ಬಿಳಿ ಬಣ್ಣ. ನಿನ್ನೆ ರಾತ್ರಿ ಕಣದಲ್ಲಿ ಮಲಗಿದೆ. ಹತ್ತು ಗಂಟೆಗೆ ಗೊತ್ತಾಯಿತು, ಕಣ ಇಳಿಜಾರು. ತಲೆ ಕೆಳಗೆ, ಕಾಲು ಮೇಲೆ! ಅಷ್ಟು ವರ್ಷ ಕಾಫಿ ಹರಡಿದ ಕಣ, ಇಳಿಜಾರು ಅಂತ ನಾನು ಗಮನಿಸಿಯೇ ಇರಲಿಲ್ಲ. ತಿರುಗಿ ಮಲಗಿದೆ. ಎರಡು ಗಂಟೆಗೆ ಮಳೆ. ಚಪ್ಪಲಿ ಹೊರಗೆ ಬಿಟ್ಟಿದ್ದೆ, ನೆಂದು ಹೋಯಿತು, ಬೆಳಿಗ್ಗೆ ಅದರಲ್ಲಿ ಎರಡು ಇಂಬಳ (ಜಿಗಣೆ). ಟಾರ್ಚ್ ಮನೆಯಲ್ಲೇ ಇತ್ತು. ನೀವು ಹೇಳಿದ್ದಕ್ಕೆ ಒಳಗೆ ಹೋಗಲಿಲ್ಲ. ಮಗ ಆರು ಗಂಟೆಗೆ ಫೋನ್ ಮಾಡಿ ‘ಬದುಕಿದ್ದೀಯಾ’ ಅಂದ.

ಇಳಿಜಾರಿಗೆ ಚಕ್ರದ ಕೆಳಗೆ ಏನಿಡಬೇಕು?

ಮೇಸ್ತ್ರಿ:

ಎರಡು ಮರದ ಹಲಗೆ, ಒಂದು ತುದಿ ಓರೆಯಾಗಿ ಕೊಯ್ದದ್ದು. ತಗ್ಗಿನ ಕಡೆಯ ಚಕ್ರ ಅದರ ಮೇಲೆ ಹತ್ತಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಸಮ ಆಯಿತಾ ಅಂತ ನೋಡಲು ಡ್ಯಾಶ್‌ಬೋರ್ಡ್ ಮೇಲೆ ಅರ್ಧ ಲೋಟ ನೀರು ಇಟ್ಟರೆ ಸಾಕು. ಹಲಗೆ ನಮ್ಮಲ್ಲಿ ಬಿದ್ದಿದೆ, ಸ್ಟೆಪ್ನಿ ಕಲಿಯಲು ಬಂದಾಗ ಕೊಡುತ್ತೇನೆ. ಚಪ್ಪಲಿ ಇನ್ನು ಮೇಲೆ ಒಳಗೆ ಇಡಿ, ಒಂದು ಹಳೇ ಟಬ್ಬಿನಲ್ಲಿ.