ಬಡಕಲು ತಟ್ಟು ಕುದುರೆಗೆ ಮೈ ಬರಬೇಕಾದರೆ ಏನು ತಿನ್ನಿಸಬೇಕು?

ತೋಟದಮನೆ, ದೊಡ್ಡಬಳ್ಳಾಪುರ:
ಮದುವೆ ಮೆರವಣಿಗೆಗೆ ಬಾಡಿಗೆ ಕೊಡುತ್ತಿದ್ದವರಿಂದ ಹೆಣ್ಣು ತಟ್ಟುವೊಂದನ್ನು ತಂದಿದ್ದೇವೆ. ಹನ್ನೆರಡು ವರ್ಷ ಎಂದರು. ಪಕ್ಕೆಲುಬು ಎಣಿಸಬಹುದು, ಬೆನ್ನುಮೂಳೆ ಎದ್ದು ಕಾಣುತ್ತದೆ, ಹೊಟ್ಟೆ ಮಾತ್ರ ದಪ್ಪ. ಸದ್ಯ ರಾಗಿ ಹುಲ್ಲು, ಬದುವಿನ ಗರಿಕೆ ಹಾಕುತ್ತಿದ್ದೇನೆ. "ಹಸುವಿನ ಫೀಡನ್ನೇ ಹಾಕಿ, ಜೊತೆಗೆ ದಿನಕ್ಕೆರಡು ಸೇರು ಹುರುಳಿ ಬೇಯಿಸಿಕೊಡಿ, ತಿಂಗಳಲ್ಲಿ ಗುಂಡಗಾಗುತ್ತದೆ" ಎಂದು ಪಕ್ಕದ ತೋಟದವರು ಹೇಳುತ್ತಾರೆ. ಮಕ್ಕಳಿಗಂತೂ ಸವಾರಿಯ ಅವಸರ. ಏನು ಮಾಡಲಿ?

ಹಳೆ ಟಾಂಗಾ, ಮೈಸೂರು:
ಹಸುವಿನ ಫೀಡನ್ನು ಲಾಯದ ಹತ್ತಿರಕ್ಕೂ ತರಬೇಡಿ ಸ್ವಾಮಿ. ಕೆಲವು ದನದ ಮತ್ತು ಕೋಳಿಯ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಹಸು ಅರಗಿಸಿಕೊಳ್ಳುವಷ್ಟೇ ಪ್ರಮಾಣ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ.

ಹುರುಳಿ ಒಳ್ಳೆಯದೇ. ಆದರೆ ಎರಡು ಸೇರು ಎಂದವರು ಕುದುರೆ ಸಾಕಿದವರಲ್ಲ. ಕುದುರೆಯ ಜಠರ ಚಿಕ್ಕದು, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಮ್ಮೆಲೇ ಸುರಿದ ಕಾಳು ಅರೆ ಜೀರ್ಣವಾಗಿ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ. ಮೊದಲು ಹೊಟ್ಟೆಶೂಲೆ, ಆಮೇಲೆ ಗೊರಸಿನೊಳಗೆ ಉರಿಯೂತ. ತಟ್ಟುಗಳಿಗೆ ಈ ಗೊರಸಿನ ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ, ಬಂದರೆ ಸುಲಭಕ್ಕೆ ಬಿಡದು.

ಮೈ ಬರುವುದು ಹುಲ್ಲಿನಿಂದ. ದರ್ಜಿಯ ಟೇಪು ಹಿಡಿದು ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡನ್ನೂ ಸೆಂ.ಮೀ.ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಸುಮಾರು ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಆ ತೂಕದ ನೂರಕ್ಕೆ ಎರಡರಿಂದ ಎರಡೂವರೆ ಪಾಲಿನಷ್ಟು ಒಣಹುಲ್ಲು ದಿನಕ್ಕೆ ಬೇಕು. ರಾಗಿ ಹುಲ್ಲಿನಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅರ್ಧವನ್ನು ಒಳ್ಳೆಯ ಒಣ ಗರಿಕೆಗೆ ಬದಲಿಸಿ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಒಂದೊಂದೇ ಹಿಡಿ ಹೆಚ್ಚಿಸುತ್ತಾ ಹೋಗಿ. ಯಾವ ಬದಲಾವಣೆಗೂ 10ರಿಂದ 14 ದಿನ ಹಿಡಿಯಲಿ. ಅದು ಒಗ್ಗಿದ ಮೇಲೆ ಬೇಯಿಸಿದ ಹುರುಳಿ, ಹೊತ್ತಿಗೆ ಕಾಲು ಕೆ.ಜಿ. ಕಾಳಿನಷ್ಟು ಮಾತ್ರ, ದಿನಕ್ಕೆರಡು ಸಲ. ಗೋಧಿ ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಅದನ್ನೇ ನಂಬಿದರೆ ಮೂಳೆ ಸೊರಗುತ್ತದೆ.

ಪಶುವೈದ್ಯೆ, ಧಾರವಾಡ:
ಮೇಲಿನವರು ಹೇಳಿದ್ದು ಸರಿ. ಆದರೆ ತಿನ್ನಿಸುವ ಮೊದಲು ಬಡಕಲಾದದ್ದು ಏಕೆಂದು ತಿಳಿಯಬೇಕು. ದಪ್ಪ ಹೊಟ್ಟೆಗೆ ಹುಳು ಕಾರಣವಿರಬಹುದು, ಒರಟು ಹುಲ್ಲು ಕಾರಣವಿರಬಹುದು, ಗರ್ಭವೂ ಇರಬಹುದು. ಮಾರಿದವರು ಅದನ್ನು ಹೇಳಿರುವುದಿಲ್ಲ! ಲದ್ದಿಯಲ್ಲಿ ಹುಳುವಿನ ಮೊಟ್ಟೆ ಎಣಿಸಿ ನೋಡಿದ ಮೇಲೆ ಔಷಧಿ ಹಾಕಿಸಿ. ಜ್ವರ ಬಂದು ಹೋಗಿ ಮಾಡುತ್ತಿದ್ದರೆ, ಹೊಟ್ಟೆಯಡಿ ಅಥವಾ ಕಾಲು ಊದಿದ್ದರೆ ಸರ‍್ರಾ ರೋಗಕ್ಕೆ (ಕಚ್ಚುವ ನೊಣಗಳಿಂದ ಹರಡುವ ರಕ್ತದ ಪರಾವಲಂಬಿ ಕಾಯಿಲೆ) ರಕ್ತ ಪರೀಕ್ಷೆ ಆಗಲೇಬೇಕು. ಗೋದಲಿಯ ಕೆಳಗೆ ಅಗಿದು ಉಗುಳಿದ ಹುಲ್ಲಿನ ಉಂಡೆಗಳು ಬಿದ್ದಿವೆಯೇ ನೋಡಿ. ಇದ್ದರೆ ದವಡೆ ಹಲ್ಲಿನ ಅಂಚು ಚೂಪಾಗಿದೆ ಎಂದು ಶಂಕಿಸಬೇಕು.

ತೋಟದಮನೆ:
ಉಂಡೆಗಳು ಇವೆ ಮೇಡಂ, ಹೆಬ್ಬೆರಳು ಗಾತ್ರದವು, ಒದ್ದೆಯಾಗಿವೆ. ನಾವು ಎಂಜಲು ಹುಲ್ಲೆಂದು ದಿನವೂ ಗುಡಿಸುತ್ತಿದ್ದೆವು. ಎದೆ 132, ಉದ್ದ 120 ಬಂತು, ಅಂದರೆ 176 ಕೆ.ಜಿ. ಬೇಲಿಯಲ್ಲಿ ಸುಬಾಬುಲ್ ಹೇರಳವಾಗಿದೆ, ಮೇಕೆಗಳು ಮುಗಿಬಿದ್ದು ತಿನ್ನುತ್ತವೆ. ಇವಳಿಗೂ ಹಾಕಲೇ?

ಪಶುವೈದ್ಯೆ:
ಬೇಡ. ಅದರಲ್ಲಿರುವ ವಿಷಾಂಶ ಮಿಮೋಸಿನ್‌ನಿಂದ ಕುದುರೆಯ ಕೇಸರ ಮತ್ತು ಬಾಲದ ಕೂದಲು ಉದುರುತ್ತದೆ. ನೇಪಿಯರ್ ಹುಲ್ಲನ್ನೂ ಮುಖ್ಯ ಮೇವಾಗಿಸಬೇಡಿ, ಅದರಲ್ಲಿರುವ ಆಕ್ಸಲೇಟ್ ಎಂಬ ಲವಣ ಸುಣ್ಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ಹಲ್ಲಿನ ಚೂಪು ಅಂಚನ್ನು ಪಶುವೈದ್ಯರಿಂದ ಅರ ಹಾಕಿ ಉಜ್ಜಿಸುವವರೆಗೆ ಹುಲ್ಲನ್ನು ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ ಕೊಡಿ.

ಹಳೆ ಟಾಂಗಾ:
176ಕ್ಕೆ ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ಒಣಹುಲ್ಲು, ನಾಲ್ಕೈದು ಸಲ ಹಂಚಿ ಹಾಕಿ. ಉಪ್ಪಿನ ಗಡ್ಡೆ ಕಟ್ಟಿ, ನೀರು ಸದಾ ಇರಲಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಮೇವು ಹಾಕುವ ಮೊದಲು, ಒಂದೇ ಟೇಪಿನಲ್ಲಿ ಅಳೆದು ಬರೆದಿಡಿ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವಂತಾದರೆ ಸಾಕು, ಅಲ್ಲಿಗೆ ಹುರುಳಿ ಇಳಿಸಿ. ಸವಾರಿಯ ಮಾತು ಆಮೇಲೆ. ಅಲ್ಲಿಯವರೆಗೆ ಮಕ್ಕಳು ಮೈ ಉಜ್ಜಲಿ, ಹಗ್ಗ ಹಿಡಿದು ನಡೆಸಲಿ.