ರೋಮಿನ ಏಳು ಬೆಸಿಲಿಕಾಗಳ ಯಾತ್ರೆ: ಎರಡು ದಿನ ಸಾಕೇ?

ಹೊಸಯಾತ್ರಿ:
ರೋಮಿನಲ್ಲಿ ಪೂರ್ತಿ ಎರಡು ದಿನ ಸಿಗುತ್ತದೆ. ಏಳೂ ಬೆಸಿಲಿಕಾಗಳನ್ನು ಆದಷ್ಟು ನಡೆದೇ ನೋಡಬೇಕೆಂದಿದೆ. ಜೊತೆಯಲ್ಲಿ ಮೊಣಕಾಲು ನೋವಿನ ಹಿರಿಯರೊಬ್ಬರಿದ್ದಾರೆ. ಎಲ್ಲಿಂದ ಶುರು ಮಾಡುವುದು? ಸಂತ ಪೇತ್ರರ ಸಮಾಧಿಗೆ ಬುಕಿಂಗ್ ಬೇಕಾ? ಪವಿತ್ರ ದ್ವಾರ ತೆರೆದಿದೆಯಾ? ಸಂತರ ಎಲುಬು ಮುಂತಾದ ಪವಿತ್ರ ಅವಶೇಷಗಳು ಕಣ್ಣಿಗೆ ಕಾಣುತ್ತವೋ, ಬರೀ ಪೆಟ್ಟಿಗೆಯೋ?

ಕಾಲ್ದಾರಿ:
ಪವಿತ್ರ ದ್ವಾರ, ಅಂದರೆ ಜೂಬಿಲಿ ಎಂಬ ಪವಿತ್ರ ವರ್ಷದಲ್ಲಿ ಮಾತ್ರ ತೆರೆಯುವ ಬಾಗಿಲು, ಮುಚ್ಚಿದೆ. 2025ರ ಜೂಬಿಲಿ ಮುಗಿದು, ಸಂತ ಪೇತ್ರರ ಬೆಸಿಲಿಕಾದ್ದು 2026ರ ಜನವರಿ 6ರಂದು ಕೊನೆಯದಾಗಿ ಮುಚ್ಚಿತು. ಅದರ ಆಸೆ ಬಿಡಿ.

16ನೇ ಶತಮಾನದಲ್ಲಿ ಸಂತ ಫಿಲಿಪ್ ನೇರಿ ಮತ್ತೆ ಚಾಲ್ತಿಗೆ ತಂದ ಹಾದಿ ಇದು. ಪೂರ್ತಿ ನಡೆದರೆ 20 ಕಿ.ಮೀ. ಆಗುತ್ತದೆ, ದಾರಿ ತಪ್ಪಿದರೆ ಇನ್ನೂ ಹೆಚ್ಚು. ಜನರಿಗೆ ಕೈಕೊಡುವುದು ಮಾತ್ರ ಮಧ್ಯಾಹ್ನದ ಹೊತ್ತು. ನಾಲ್ಕು ಮಹಾ ಬೆಸಿಲಿಕಾಗಳು (ಸಂತ ಪೇತ್ರ, ಸಂತ ಪೌಲ, ಲ್ಯಾಟರನ್, ಸಾಂತಾ ಮರಿಯಾ ಮಜ್ಜೋರೆ) ಬೆಳಗಿನಿಂದ ಸಂಜೆವರೆಗೂ ತೆರೆದಿರುತ್ತವೆ. ಸಾಂತಾ ಕ್ರೋಚೆ, ಸಂತ ಲಾರೆನ್ಸ್ ಹಾಗಲ್ಲ, ಊಟದ ಹೊತ್ತಿಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಮೂರೂವರೆ ನಾಲ್ಕಕ್ಕೆ.

ಹಾಗಾಗಿ ಮೊದಲ ದಿನ ಬೆಳಗ್ಗೆ 7ಕ್ಕೇ ಸಂತ ಪೇತ್ರ. ಮೆಟ್ರೋ ಎ ಲೈನಿನ ಒತ್ತಾವಿಯಾನೋದಲ್ಲಿ ಇಳಿಯಿರಿ. ಎಂಟೂವರೆ ದಾಟಿದರೆ ತಪಾಸಣೆಯ ಸಾಲು ಚೌಕವನ್ನೇ ಸುತ್ತುತ್ತದೆ. ಬುಧವಾರ ಬೇಡವೇ ಬೇಡ, ಆ ಬೆಳಗ್ಗೆ ಪೋಪ್ ಜಗದ್ಗುರುಗಳ ಸಾರ್ವಜನಿಕ ದರ್ಶನವಿರುತ್ತದೆ. ಅಲ್ಲಿಂದ ತೆರ್ಮಿನಿಯಲ್ಲಿ ಬಿ ಲೈನಿಗೆ ಬದಲಾಯಿಸಿ ಸಂತ ಪೌಲ. ಅಲ್ಲಿಂದ ‘ವಿಯಾ ದೆಲ್ಲೆ ಸೆತ್ತೆ ಕಿಯೆಸೆ’, ಅಂದರೆ ಏಳು ಚರ್ಚುಗಳ ಬೀದಿ, ಹಿಡಿದು ಸಂತ ಸೆಬಾಸ್ಟಿಯನ್. ಹಿಂದಿರುಗುವಾಗ ಆಪ್ಪಿಯಾ ಆಂತಿಕಾ ರಸ್ತೆಯಲ್ಲಿ ನಡೆಯಬೇಡಿ. ಊರ ಕಡೆಯ ಭಾಗದಲ್ಲಿ ಫುಟ್‌ಪಾತೇ ಇಲ್ಲ, ಗೋಡೆಗೆ ಒತ್ತಿಕೊಂಡು ನಿಂತರೂ ಕಾರುಗಳು ಮೈ ಸವರಿಕೊಂಡು ಹೋಗುತ್ತವೆ. ಬಸ್ಸು ಹತ್ತಿ.

ಎರಡನೇ ದಿನ ಸಂತ ಲಾರೆನ್ಸ್, ಮಧ್ಯಾಹ್ನ 12ರೊಳಗೆ ಸಾಂತಾ ಕ್ರೋಚೆ, ಆಮೇಲೆ ನಿಧಾನವಾಗಿ ಲ್ಯಾಟರನ್, ಕೊನೆಗೆ ಸಾಂತಾ ಮರಿಯಾ ಮಜ್ಜೋರೆ.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಗಂಡಸರಿಗೂ ಕಡ್ಡಾಯ. ಬ್ಯಾಗಿನಲ್ಲಿ ಹಣ್ಣು ಕೊಯ್ಯುವ ಚಾಕು ಇದ್ದರೆ ಕೋಣೆಯಲ್ಲೇ ಬಿಟ್ಟು ಬನ್ನಿ.

ನೆಲಮಾಳಿಗೆ:
ಸಮಾಧಿ ವಿಷಯದಲ್ಲಿ ಎಲ್ಲರೂ ಎರಡನ್ನು ಬೆರೆಸಿಬಿಡುತ್ತಾರೆ. ಬೆಸಿಲಿಕಾದ ನೆಲದಡಿಯ ‘ಗ್ರೊತ್ತೆ’ಯಲ್ಲಿ ಪೋಪರ ಸಮಾಧಿಗಳಿವೆ. ಬುಕಿಂಗ್ ಬೇಡ, ಉಚಿತ. ಅದರಿಂದ ಹೊರಬರುವ ದಾರಿ ಹಲವು ಸಲ ನೇರ ಅಂಗಳಕ್ಕೆ ತಂದು ಬಿಡುತ್ತದೆ, ಆದ್ದರಿಂದ ಮೇಲಿನದನ್ನು ಮೊದಲು ನೋಡಿ ಮುಗಿಸಿ. ಇನ್ನೂ ಕೆಳಗಿರುವುದು ‘ಸ್ಕಾವಿ’, ಪುರಾತನ ರೋಮನ್ ಸ್ಮಶಾನ. ಪೇತ್ರರದೆಂದು 1968ರಲ್ಲಿ ಪೋಪ್ ಆರನೇ ಪೌಲ್ ಘೋಷಿಸಿದ ಎಲುಬುಗಳಿರುವುದು ಇಲ್ಲಿ. ಇದಕ್ಕೆ ಉತ್ಖನನ ಕಚೇರಿಗೆ ತಿಂಗಳುಗಟ್ಟಲೆ ಮುಂಚೆ ಇಮೇಲ್ ಮಾಡಬೇಕು: ಹೆಸರು, ಜನರ ಸಂಖ್ಯೆ, ಭಾಷೆ, ಬರಬಹುದಾದ ಎಲ್ಲ ದಿನಾಂಕಗಳು. ಒಂದೇ ದಿನಾಂಕ ಬರೆದರೆ ಸಿಗುವುದು ಕಷ್ಟ. ಗುಂಪು ಚಿಕ್ಕದು, ಸುಮಾರು ಒಂದೂವರೆ ಗಂಟೆ, ಟಿಕೆಟ್ ಇದೆ. ಕೆಳಗೆ ಇಕ್ಕಟ್ಟು, ಸೆಕೆ. ಮೊಣಕಾಲು ನೋವಿನವರಿಗೆ ನಾನಂತೂ ಹೇಳುವುದಿಲ್ಲ.

ಲ್ಯಾಟರನ್ ಎದುರಿನ ಪವಿತ್ರ ಮೆಟ್ಟಿಲು (ಯೇಸು ಹತ್ತಿದ್ದೆಂದು ನಂಬಿರುವುದು) ಕೂಡ ಹಾಗೆಯೇ. 28 ಅಮೃತಶಿಲೆಯ ಮೆಟ್ಟಿಲು, ಮೊಣಕಾಲೂರಿಯೇ ಹತ್ತಬೇಕು. 1723ರಲ್ಲಿ ಹಾಕಿಸಿದ ಮರದ ಹೊದಿಕೆಯನ್ನು 2019ರಲ್ಲಿ ದುರಸ್ತಿಗೆ ತೆಗೆದಾಗ, ಭಕ್ತರ ಮೊಣಕಾಲು, ಪಾದ ತಾಗಿ ಕಲ್ಲು ಗುಳಿ ಬಿದ್ದಿರುವುದು ಕಂಡಿತ್ತು. ಈಗ ಮತ್ತೆ ಹಲಗೆ ಕೂರಿಸಿದ್ದಾರೆ. ಪಕ್ಕದಲ್ಲಿ ಮಾಮೂಲಿ ಮೆಟ್ಟಿಲುಗಳಿವೆ. ಹಿರಿಯರು ಅದರಲ್ಲಿ ನಡೆದು ಮೇಲಿನ ಪ್ರಾರ್ಥನಾಲಯ ತಲುಪಬಹುದು.

ಹಳೆಮುದ್ರೆ:
ಅವಶೇಷಗಳ ವಿಷಯಕ್ಕೆ ಬಂದರೆ, ಎಲ್ಲಿ ನೋಡಬೇಕೆಂದು ಗೊತ್ತಿಲ್ಲದಿದ್ದರೆ ಎದುರಿಗಿದ್ದರೂ ತಪ್ಪಿಹೋಗುತ್ತವೆ. ಲ್ಯಾಟರನ್‌ನಲ್ಲಿ ತಲೆ ಎತ್ತಿ: ಬಲಿಪೀಠದ ಮೇಲಿನ ಮಂಟಪದಲ್ಲಿ, ಜಾಲರಿಯ ಹಿಂದೆ, ಪೇತ್ರ ಪೌಲರ ಶಿರಸ್ಸುಗಳದೆಂದು ನಂಬಿರುವ ಸಂಪುಟಗಳಿವೆ. ಮರಿಯಾ ಮಜ್ಜೋರೆಯಲ್ಲಿ ತಲೆ ತಗ್ಗಿಸಿ: ಬಲಿಪೀಠದ ಮುಂದೆ ಕೆಳಗಿಳಿದರೆ ಸ್ಫಟಿಕದ ಸಂಪುಟದಲ್ಲಿ ಬಾಲಯೇಸುವಿನ ಗೋದಲಿಯ ಮರದ ತುಂಡುಗಳು. ಪೋಪ್ ಫ್ರಾನ್ಸಿಸ್ ಸಮಾಧಿಯೂ ಅಲ್ಲೇ, ಪಕ್ಕದ ಸಾಲಿನಲ್ಲಿ. ಅದರ ಕ್ಯೂ ಬೇರೆ. ಸಂತ ಪೌಲದಲ್ಲಿ ಬಲಿಪೀಠದಡಿ ಕಲ್ಲಿನ ಶವಪೆಟ್ಟಿಗೆಯ ಒಂದು ಬದಿ ಕಾಣುತ್ತದೆ. ಅದಕ್ಕೆ ಸಣ್ಣ ರಂಧ್ರ ಕೊರೆದು ತೆಗೆದ ಎಲುಬಿನ ಚೂರು 1–2ನೇ ಶತಮಾನದ್ದೆಂದು 2009ರಲ್ಲಿ ಪ್ರಕಟಿಸಿದರು. ಸಾಂತಾ ಕ್ರೋಚೆಯಲ್ಲಿರುವ, ಯೇಸುವಿನ ಶಿಲುಬೆಯ ಮೇಲೆ ಹಾಕಿದ್ದೆಂದು ನಂಬಿರುವ ಹೆಸರು ಫಲಕದ ಕಥೆ ಬೇರೆ: ಕಾರ್ಬನ್ ಪರೀಕ್ಷೆ ಅದನ್ನು 10–12ನೇ ಶತಮಾನಕ್ಕೆ ಹಾಕಿದೆ. ಎರಡನ್ನೂ ತಿಳಿದುಕೊಂಡೇ ಪ್ರಾರ್ಥಿಸಬಹುದು, ಅಡ್ಡಿಯೇನಿಲ್ಲ.

ಹೊಸಯಾತ್ರಿ:
ತುಂಬಾ ಉಪಕಾರವಾಯಿತು. ಸ್ಕಾವಿ ಬಿಟ್ಟೆ. ಅಂಗಡಿಗಳಲ್ಲಿ ಸಣ್ಣ ಅವಶೇಷ ಸಿಕ್ಕರೆ ಕೊಳ್ಳಬಹುದಾ?

ಹಳೆಮುದ್ರೆ:
ಬೇಡ. ಪವಿತ್ರ ಅವಶೇಷದ ಮಾರಾಟವನ್ನು ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ 1190ನೇ ವಿಧಿ ಪೂರ್ತಿಯಾಗಿ ನಿಷೇಧಿಸಿದೆ. ಯಾರಾದರೂ ಸುಮ್ಮನೆ ಕೊಟ್ಟರೂ ಡಬ್ಬಿ ತಿರುಗಿಸಿ ನೋಡಿ: ಹಿಂದೆ ಅಡ್ಡಹಾಯಿಸಿ ಕಟ್ಟಿದ ದಾರ, ಅದರ ಮೇಲೆ ಅರಗಿನ ಮುದ್ರೆ, ಜೊತೆಗೆ ಅದೇ ಮುದ್ರೆಯ ಪ್ರಮಾಣಪತ್ರ ಇರಬೇಕು. ದಾರ ಹರಿದಿದ್ದರೆ ಒಳಗಿನದು ಅದೇ ಎಂದು ಯಾರೂ ಹೇಳಲಾರರು. ಜಪಸರ ಕೊಂಡು ಗುರುಗಳಿಂದ ಆಶೀರ್ವಾದ ಮಾಡಿಸಿಕೊಳ್ಳಿ, ಅದಕ್ಕೆ ಯಾವ ತಕರಾರೂ ಇಲ್ಲ.